ಊರಲ್ಲಿಲ್ಲದವರ ಪಾಳಿ

ಕಿರ್ರ್... ಟಕ್. ಕಿರ್ರ್... ಟಕ್. ತೊಂಬತ್ತರ ದಶಕದ ನಮ್ಮ ಬೆಳಗುಗಳು ಕೋಳಿಯ ಕೂಗಿನಿಂದ ಆರಂಭವಾಗುತ್ತಿದ್ದವು ಎಂದು ಬರೆದರೆ ಓದಲಿಕ್ಕೆ ಸೊಗಸಾದೀತು. ಆದರೆ ನಮ್ಮೂರಿನ ಕೋಳಿಗಳು ಕಣ್ಣು ತೆರೆಯುವ ಮೊದಲೇ ಹೆಂಗಸರು ಎದ್ದು ಬೋರಿಂಗಿನ ಹಿಡಿಕೆಗೆ ಜೋತುಬಿದ್ದಿರುತ್ತಿದ್ದರಾದ್ದರಿಂದ, ಖರೆ ಹೇಳಬೇಕೆಂದರೆ, ಆ ಕೋಳಿಗಳನ್ನು ಎಬ್ಬಿಸುತ್ತಿದ್ದುದೂ ಇದೇ ಸಪ್ಪಳ. ಕೈಪಂಪಿಗೆ ನಮ್ಮ ಕಡೆ ಬೋರಿಂಗು ಅನ್ನುತ್ತಾರೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು ಬಂದ ನನಗೆ ‘ಬೋರಿಂಗ್’ ಎಂದರೆ ಬೇಸರ ಹುಟ್ಟಿಸುವ ಸಂಗತಿ ಎಂದಷ್ಟೇ ಗೊತ್ತಿತ್ತು. ಆದರೆ ಆ ಕಬ್ಬಿಣದ ಕಂಬದ ಸುತ್ತ ದಿನವೂ ನಡೆಯುತ್ತಿದ್ದಷ್ಟು ಸ್ವಾರಸ್ಯ ನಮ್ಮ ಸಿಸ್ಟರ್‌ಗಳು ಓದಿಸಿದ ಯಾವ ಕಾದಂಬರಿಯಲ್ಲೂ ಇರಲಿಲ್ಲವೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಹಾಸಿಗೆಯಲ್ಲಿ ಮಲಗಿಯೇ ನಾನು ಆ ಸಪ್ಪಳದ ವ್ಯಾಖ್ಯಾನ ಮಾಡುತ್ತಿದ್ದೆ. ಹೊಸ ಸೊಸೆಯಂದಿರ ಕೈಯಲ್ಲಿ ಹಿಡಿಕೆ ಸಂಕೋಚದಿಂದ ಆಡುತ್ತಿತ್ತು. ಗಂಡನೊಡನೆ ಮಾತು ಬಿಟ್ಟವಳ ಕೈಯಲ್ಲಿ ‘ಕಿರ್ರ್’ ಇಲ್ಲದೆ ಬರೀ ‘ಟಕ್’ ಕೇಳುತ್ತಿತ್ತು. ಬೇಸಿಗೆ ಬಂತೆಂದರೆ ಮಾತ್ರ ಎಲ್ಲರ ಸಪ್ಪಳವೂ ಒಂದೇ ಆಗುತ್ತಿತ್ತು. ಕಿರ್ರ್, ಕಿರ್ರ್, ಕಿರ್ರ್... ನೆಲದೊಳಗಿನ ನೀರು ಕೈಗೆಟುಕದಷ್ಟು ಕೆಳಗೆ ಇಳಿದು ಕೂತಿರುತ್ತಿತ್ತು.

ಇಳಿಯುವುದು ನೀರಿನ ಸ್ವಭಾವ, ಅದಕ್ಕೆ ನಾನು ನೀರನ್ನು ದೂರುವವಳಲ್ಲ. ದೂರಿದರೆ ಹುಕ್ಕೇರಿ ತಾಲೂಕಿನ ದಿಬ್ಬದ ಮೇಲೆ ಊರು ಕಟ್ಟಿದ ನಮ್ಮ ಹಿರಿಯರನ್ನು ದೂರಬೇಕು. ನಮ್ಮ ಮನೆಯ ಮಾಳಿಗೆ ಹತ್ತಿದರೆ ದೂರದಲ್ಲಿ ಹಿಡಕಲ್ ಡ್ಯಾಮಿನ ಹಿನ್ನೀರು ಬೆಳ್ಳಿಯ ತಗಡಿನಂತೆ ಹೊಳೆಯುತ್ತಿತ್ತು. ನೋಡಲಿಕ್ಕೆ ನಮಗೆ, ಕುಡಿಯಲಿಕ್ಕೆ ಉಳಿದವರಿಗೆ. ಅದು ಅಲ್ಲಿಂದ ಇಳಿದು, ಧುಪದಾಳದ ಒಡ್ಡಿನಲ್ಲಿ ಒಂದಿಷ್ಟು ವಿಶ್ರಮಿಸಿ, ಕಾಲುವೆ ಹಿಡಿದು ಮೂಡಲಗಿಯ ಕಡೆ ಹೋಗಿ ಕಬ್ಬಾಗಿ ನಿಲ್ಲುತ್ತಿತ್ತು. ದಸರೆ ಮುಗಿದ ಮೇಲೆ ನಮ್ಮೂರಿನ ಅರ್ಧ ಜನ ಅದರ ಹಿಂದೆಯೇ ಇಳಿಯುತ್ತಿದ್ದರು. ಗಂಡ, ಹೆಂಡತಿ, ಕಬ್ಬು ಕಡಿಯುವ ಕೊಯ್ತಾ, ಬುಟ್ಟಿಯಲ್ಲಿ ಕೋಳಿ, ಕೋಳಿಯ ಮೇಲೆ ಕೂಸು. ಯುಗಾದಿಗೆ ತಿರುಗಿ ಬರುತ್ತಿದ್ದರು. ಈಗ ಪೇಪರಿನಲ್ಲಿ ‘ಕ್ಲೈಮೇಟ್ ಚೇಂಜ್’, ‘ಮೈಗ್ರೇಶನ್’ ಎಂದೆಲ್ಲ ಗಂಭೀರವಾಗಿ ಬರೆಯುವುದನ್ನು ಕನ್ನಡಕ ಏರಿಸಿ ಓದುವಾಗ, ಅರೆ, ಇದು ನಮ್ಮ ಓಣಿಯ ಸುದ್ದಿಯಲ್ಲವೇ ಎನ್ನಿಸುತ್ತದೆ. ನಾವು ಅದಕ್ಕೆ ‘ಮಿರಗ ಕೈ ಕೊಟ್ಟಿತು’ ಅನ್ನುತ್ತಿದ್ದೆವು. ಮೃಗಶಿರಾ ಮಳೆಯು ಒಂದು ಕಾಲದಲ್ಲಿ ನಮ್ಮ ಕಾನ್ವೆಂಟಿನ ಗಂಟೆಯಷ್ಟೇ ನಿಯತ್ತಿನದಾಗಿತ್ತಂತೆ. ನನ್ನ ಕಣ್ಣೆದುರಿಗೇ ಅದು ನಮ್ಮೂರ ಬಸ್ಸಿನ ಟೈಮ್‌ಟೇಬಲ್ಲಿಗೆ ಬಂದು ನಿಂತಿತು. ಬಂದರೆ ಬಂತು.

ನಮ್ಮ ಮನೆಯ ಹಿತ್ತಲ ಬಾವಿ ಒಂದು ವರ್ಷ ಬತ್ತಿತಾಗಿ ನಾನೂ ಕೊಡ ಹಿಡಿದು ಬೋರಿಂಗಿಗೆ ಹೋದೆ. ಕಿರಾಣಿ ಅಂಗಡಿಯ ಜೈನರ ಮನೆಯ ಸೊಸೆ, ಐವತ್ತರ ಸಮೀಪದ ಹೆಂಗಸು, ಕೈಯಲ್ಲಿ ವಾಚು, ಕಾಲಲ್ಲಿ ಚಪ್ಪಲಿ. ‘ಸ್ಟ್ಯಾಂಡ್ ಇನ್ ಎ ಕ್ಯೂ, ಗರ್ಲ್ಸ್’ ಎಂದು ಸಿಸ್ಟರ್ ಹೇಳಿಕೊಟ್ಟ ಶಿಸ್ತಿನಂತೆ ಸಾಲಿನ ಕಡೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತೆ. ಬೇವಿನ ನೆರಳಲ್ಲಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

“ಅಕ್ಕಾರ, ಕೊಡಾ ನಿಲ್ಲಸ್ರಿ, ನೀವ್ಯಾಕ ನಿಂದರ್ತೀರಿ? ನೀವೇನ್ ತುಂಬಾಕ ಬಂದೀರೇನ, ತುಂಬಿಸ್ಕೊಳ್ಳಾಕ ಬಂದೀರೇನ?”

ಆಗ ನೋಡಿದೆ: ಅಲ್ಲಿ ಸಾಲುಗಟ್ಟಿ ನಿಂತದ್ದು ಕೊಡಗಳೇ ಹೊರತು ಮನುಷ್ಯರಲ್ಲ. ಕೊಡ ಪಾಳಿಯಲ್ಲಿ ನಿಲ್ಲಬೇಕು, ಕೊಡದ ಒಡತಿ ನೆರಳಲ್ಲಿ ಕೂತು ಲೋಕದ ವ್ಯವಹಾರ ನೋಡಬೇಕು. ನಾಗರಿಕತೆಯ ಇಷ್ಟು ಸುಲಭದ ಉಪಾಯ ಸಿಸ್ಟರ್‌ಗೆ ಹೊಳೆದಿರಲಿಲ್ಲವಲ್ಲ ಎಂದು ನನಗೆ ಕನಿಕರವಾಯಿತು. ಕೆಲವೇ ದಿನಗಳಲ್ಲಿ ಹೆಂಗಸರು ನನ್ನನ್ನು ಪಾಳಿಯ ಅಂಪೈರ್ ಮಾಡಿಬಿಟ್ಟರು. ನನ್ನ ನ್ಯಾಯಬುದ್ಧಿಗೆ ಮೆಚ್ಚಿ ಅಲ್ಲ. ಊರಿನ ಯಾವ ಜಗಳದಲ್ಲೂ ನನಗೆ ಬಂಧುಗಳಿರಲಿಲ್ಲ, ಅಷ್ಟೇ.

ಆ ಸಾಲಿನಲ್ಲಿ ಒಡತಿ ಎದುರಿಗಿಲ್ಲದ ಕೆಲವು ಕೊಡಗಳಿದ್ದವು. ಅವು ಕಬ್ಬು ಕಡಿಯಲು ಹೋದವರವು. ಊರು ಬಿಡುವಾಗ ಒಂದು ಕೊಡವನ್ನು ಪಾಳಿಯಲ್ಲಿಟ್ಟು ಹೋಗುವುದು ನಮ್ಮೂರ ರೂಢಿ. ಹಿಂದಿನ ಕೊಡದವಳು ತನ್ನದರ ಜೊತೆಗೆ ಅದನ್ನೂ ಮುಂದೆ ಸರಿಸಬೇಕು. ಅದರ ಪಾಳಿ ಬಂದಾಗ ತುಂಬಿ, ಬಾಜೂದ ಕಲ್ಲಿನ ದೋಣಿಗೆ ಸುರಿದು, ಮತ್ತೆ ಅದರ ಜಾಗದಲ್ಲಿಡಬೇಕು. ದೋಣಿಯ ನೀರನ್ನು ಆಡು, ಎಮ್ಮೆ, ಗುಬ್ಬಿಗಳು ಕುಡಿಯುತ್ತಿದ್ದವು. ಊರಲ್ಲಿಲ್ಲದವರ ಪಾಳಿ ಮುರಿಯಬಾರದು. ಮುರಿದರೆ ಅವರಿಗೆ ಊರಿಲ್ಲದಂತಾಯಿತು. ಪಾಳಿಯಲ್ಲಿ ಕೊಡವಿದೆ ಎಂದರೆ ಅವರು ಬರುವವರಿದ್ದಾರೆ ಎಂದು ಅರ್ಥ. ಈ ಸುಂದರ ವ್ಯವಸ್ಥೆಯ ಒಂದು ಕೊರತೆಯೆಂದರೆ ಅದು ನೀರಿದ್ದ ಕಾಲದಲ್ಲಿ ಹುಟ್ಟಿದ್ದು.

ಇಂಥ ಕೊಡಗಳಲ್ಲಿ ಒಂದು ರಾಯವ್ವನದು, ಕೆಂಪು ಪ್ಲಾಸ್ಟಿಕ್ಕಿನದು. ಅದರ ಹಿಂದಿನ ಕೊಡ ಅವಳ ಪಕ್ಕದ ಮನೆಯ ಕಾಶವ್ವನದು. ಇವರಿಬ್ಬರಿಗೆ ಮಾತಿರಲಿಲ್ಲ. ಕಾಶವ್ವನ ಮಗಳ ಮದುವೆಯಲ್ಲಿ ಊಟಕ್ಕೆ ಕೂತ ರಾಯವ್ವ, ಪಂಕ್ತಿಯವರೆಲ್ಲ ಕೇಳುವಂತೆ, “ಸಾರ ಸಪ್ಪಗ ಆಗೇತ್ಯಲ್ಲ” ಅಂದಿದ್ದಳು. ಅಂದಿನಿಂದ ಅವರ ನಡುವಿನ ಸಂಭಾಷಣೆಯೆಲ್ಲ ಆಡು, ಗೋಡೆ, ಇಲ್ಲವೇ ನನ್ನ ಮೂಲಕ ನಡೆಯುತ್ತಿತ್ತು. ರಾಯವ್ವ ಊರಲ್ಲಿ ಇಲ್ಲದಾಗಲೂ ಕಾಶವ್ವ ಅವಳ ಕೊಡವನ್ನು ಸರಿಸುತ್ತ, “ನೋಡ್ರಿ ಅಕ್ಕಾರ, ಅಲ್ಲಿ ಮಾರಾಣಿ ಕಬ್ಬ ತಿನಕೋತ ಕುಂತಾಳ, ಇಲ್ಲಿ ಅಕಿನ ಕೊಡಾ ನಾ ಹೊರಬೇಕು” ಎಂದು ನನಗೆ ವರದಿ ಒಪ್ಪಿಸುವಳು.

ಎರಡು ವರ್ಷ ಒಂದರ ಮೇಲೊಂದು ಮಿರಗ ಕೈ ಕೊಟ್ಟಿತು. ರಾಯವ್ವನ ಮನೆಯವರು ಆ ಸಲ ದಸರೆಗೂ ಕಾಯದೆ ಹೋದರು. ಯುಗಾದಿ ಬಂತು, ಅವರು ಬರಲಿಲ್ಲ. ಮೂಡಲಗಿಯ ಸಂತೆಗೆ ಹೋಗಿ ಬಂದವರು ಸುದ್ದಿ ತಂದರು. ಅಲ್ಲಿಯ ರೈತರೊಬ್ಬರು ರಾಯವ್ವನ ಗಂಡ ಸತ್ತೆಪ್ಪನನ್ನು ಕಾಯಂ ಇಟ್ಟುಕೊಂಡಿದ್ದಾರೆ, ಹೊಲದ ಅಂಚಿಗೆ ಒಂದು ಖೋಲಿ ಕೊಟ್ಟಿದ್ದಾರೆ, ಮನೆಯ ಮುಂದೆಯೇ ಕಾಲುವೆ, ಮಕ್ಕಳನ್ನು ಅಲ್ಲಿಯ ಶಾಲೆಗೆ ಹಾಕಿದ್ದಾರೆ. ಇನ್ನೇನು, ಒಂದು ದಿನ ಬಂದು ಬಾಗಿಲು, ತೊಲೆ ಬಿಚ್ಚಿಕೊಂಡು ಹೋಗುತ್ತಾರಂತೆ.

ಬಾಗಿಲು ಬಿಚ್ಚುವುದೆಂದರೆ ಏನೆಂದು ನಮಗೆಲ್ಲ ಗೊತ್ತಿತ್ತು. ನಮ್ಮ ಕಡೆ ಊರನ್ನು ಕಾಯಂ ಬಿಡುವವರು ಮಣ್ಣಿನ ಗೋಡೆಗಳನ್ನಷ್ಟೇ ಬಿಟ್ಟು, ಚೌಕಟ್ಟು, ಕದ, ತೊಲೆಗಳನ್ನು ಒಯ್ದುಬಿಡುತ್ತಾರೆ. ಉಳಿದ ಮನೆ ಹಲ್ಲುದುರಿದ ಬಾಯಿಯಂತೆ ತೆರೆದುಕೊಂಡು, ಒಂದು ಮಳೆಗಾಲದಲ್ಲಿ ಕರಗಿ, ಮರುವರ್ಷ ಎಕ್ಕೆಯ ಗಿಡವಾಗುತ್ತದೆ. ನಮ್ಮ ಓಣಿಯಲ್ಲಿ ಆಗಲೇ ಅಂಥ ಮನೆಗಳಿದ್ದವು. ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವಾಗ ಮೊದಲೆಲ್ಲ ಹೊಳೆಯುವ ಹಿನ್ನೀರನ್ನು ನೋಡುತ್ತಿದ್ದ ನಾನು, ಆ ವರ್ಷ ಹಾಗೆ ತೆರೆದ ಬಾಗಿಲುಗಳನ್ನು ನೋಡತೊಡಗಿದೆ. ಒಂದು ಮನೆ ಹೋದರೆ ಅದರ ಗೋಡೆಗೆ ಆತುಕೊಂಡ ಮನೆಯೂ ವಾಲುತ್ತದೆ. ಓಣಿ ಖಾಲಿಯಾಗುವುದು ಹೀಗೆ.

ಬೋರಿಂಗು ಆಗ ಹೊತ್ತೇರುವುದರೊಳಗೇ ಸುಸ್ತಾಗುತ್ತಿತ್ತು. ಸಾಲಿನ ಕೊನೆಯವರು ಖಾಲಿ ಕೊಡ ಎತ್ತಿಕೊಂಡು ಹೋಗುವಾಗ ದೋಣಿಯಲ್ಲಿ ಎಮ್ಮೆ ಸೊರ್ ಎಂದು ಕುಡಿಯುತ್ತಿತ್ತು. ಒಂದು ಮುಂಜಾನೆ ಕಾಶವ್ವ ಸೆರಗು ಸಿಕ್ಕಿಸಿ ನನ್ನೆದುರು ನಿಂತಳು.

“ಇದ್ಯಾವ ನ್ಯಾಯಾ ಅಕ್ಕಾರ? ಊರಾಗ ಇದ್ದಾವ್ರ ಬಾಯಿ ಒಣಗಸ್ಕೊಂಡ ಹೋಗ್ಬೇಕು, ಬಾಗಲಾ ಬಿಚ್ಚಾಕ ಬರಾಕಿನ ಪಾಳಿ ನಾವ ಕಾಯ್ಬೇಕು? ತಗೀರಿ ಆ ಕೊಡಾ.”

ಸಿಸ್ಟರ್‌ನ ಶಾಸ್ತ್ರದ ಪ್ರಕಾರ ಕಾಶವ್ವನ ವಾದ ‘ಪರ್ಫೆಕ್ಟ್ಲಿ ಫೇರ್’. ಸಾಲು ಬಿಟ್ಟವಳಿಗೆ ಸಾಲಿಲ್ಲ. ಆದರೂ ಆ ಕೆಂಪು ಕೊಡವನ್ನು ಎತ್ತಿ ಆಚೆ ಇಡು ಎಂದರೆ ನನ್ನ ಕೈ ಏಳಲಿಲ್ಲ. ಜಗತ್ತಿನ ಎಲ್ಲ ನ್ಯಾಯಾಧೀಶರ ಹಾಗೆ ನಾನೂ, “ನಾಳಿಗಿ ನೋಡೂಣು” ಎಂದು ತೀರ್ಪನ್ನು ಮುಂದೂಡಿ ಮನೆಗೆ ಬಂದೆ.

ಮನೆಯಲ್ಲಿ ನನ್ನ ಅತ್ತೆಯವರು ನೀರು ಸೋಸುತ್ತ ಕೂತಿದ್ದರು. ಅವರನ್ನು ಊರೆಲ್ಲ ಆಯಿ ಎಂದು ಕರೆಯುತ್ತಿತ್ತು. ನಮ್ಮವರಲ್ಲಿ ನೀರನ್ನು ದಪ್ಪ ಅರಿವೆಯಲ್ಲಿ ಸೋಸಿಯೇ ಕುಡಿಯುವುದು. ಅದು ಎಲ್ಲರಿಗೂ ಗೊತ್ತು. ಬಹಳ ಜನರಿಗೆ ಗೊತ್ತಿಲ್ಲದ್ದು ಅದರ ಉತ್ತರಾರ್ಧ. ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಆ ನೀರು ಯಾವ ಬಾವಿಯದೋ ಅದೇ ಬಾವಿಗೆ ತಿರುಗಿ ಬಿಡಬೇಕು. ಬೇರೆ ನೀರಿಗೆ ಬಿಟ್ಟರೆ ಅವು ಬದುಕುವುದಿಲ್ಲ. ಹಿತ್ತಲ ಬಾವಿ ಇರುವ ತನಕ ಇದು ಆಯಿಗೆ ಸಲೀಸಾಗಿತ್ತು. ಬೋರಿಂಗಿನ ನೀರು ಬಂದಮೇಲೆ ಅವರಿಗೆ ದೊಡ್ಡ ಸಂಕಟ ಹುಟ್ಟಿತು. ಪೈಪಿನೊಳಗೆ ತಿರುಗಿ ಕಳಿಸುವುದು ಹೇಗೆ? ಅಷ್ಟು ಆಳದ ನೀರಿನಲ್ಲಿ ಹುಳುವಿರುವುದಿಲ್ಲ ಎಂದು ನಾನು ಜನರಲ್ ಸೈನ್ಸ್ ಹೇಳಿದೆ. “ನೀ ನೋಡಿ ಬಂದಿಯೇನು?” ಎಂದರು. ಕೊನೆಗೆ ಅವರೇ ದಾರಿ ಹುಡುಕಿದರು: ದಿನವೂ ಅರಿವೆ, ತಂಬಿಗೆ ಹಿಡಿದು ಬೋರಿಂಗಿನ ಬುಡಕ್ಕೆ ಹೋಗಿ, ಕಲ್ಲುಗಳ ಸಂದಿಯಲ್ಲಿ ಹಿಂಡದೆ ತೊಳೆದು ಬರುವುದು. ಇಂಗಿ ಇಂಗಿ ಯಾವಾಗಾದರೊಮ್ಮೆ ಅವು ತಮ್ಮ ಮನೆ ಮುಟ್ಟುತ್ತವೆ ಎಂಬುದು ಅವರ ನಂಬಿಕೆ. ನಾನು ಒಳಗೊಳಗೇ ನಗುತ್ತಿದ್ದೆ, ಕಾನ್ವೆಂಟಿನ ನಗು.

ಮರುದಿನ ಆಯಿ ತಮ್ಮ ಅರಿವೆ ತೊಳೆಯುತ್ತಿರುವಾಗಲೇ ಕಾಶವ್ವ ತನ್ನ ಖಟ್ಲೆಯನ್ನು ಮತ್ತೆ ಎತ್ತಿದಳು. ಆಯಿ ತಲೆ ಎತ್ತದೆ ಕೇಳಿಸಿಕೊಂಡರು. ಕೊನೆಯ ಹನಿ ಕಲ್ಲಿನ ಸಂದಿಗೆ ಇಳಿಯುವ ತನಕ ಕಾದು, ಮೊಣಕಾಲು ಹಿಡಿದು ಎದ್ದರು.

“ಕಣ್ಣಿಗೆ ಕಾಣದ ಹುಳಾನ್ನ ನಾ ದಿನಾ ಅವರ ಮನೀಗೆ ಮುಟ್ಟಿಸಿ ಬರಾಕತ್ತೇನಿ. ರಾಯವ್ವ ಅಂತೂ ಕಣ್ಣಿಗೆ ಕಾಣ್ತಾಳವಾ. ಕೊಡಾ ಮುಟ್ಟಬ್ಯಾಡ್ರಿ.”

ಕಾಶವ್ವ ಬಾಯಿ ತೆರೆಯುವುದರೊಳಗೆ ಮುಂದುವರಿಸಿದರು: “ನೀರ ಮಾತ್ರ ದೋಣಿಗೆ ಸುರೀಬ್ಯಾಡ್ರಿ, ಬರಗಾಲೈತಿ. ಬೇಕಾದಾಕಿ ಒಯ್ಯಿರಿ. ಆದ್ರ ಯಾರ ಒಯ್ತೀರಿ, ಅವರ ದಿನಾ ಮುಂಜಾನಿ ರಾಯವ್ವನ ಬಾಗಲಾಗ ಒಂದ ತಂಬಿಗಿ ಥಳಿ ಹಾಕಬೇಕು.”

ಥಳಿ ಎಂದರೆ ಹೊಸ್ತಿಲ ಮುಂದೆ ನೀರು ಚಿಮುಕಿಸುವುದು. ಬೆಳಗಾಯಿತು, ಈ ಮನೆಯಲ್ಲಿ ಜನರಿದ್ದಾರೆ ಎಂದು ಸಾರುವುದು. ಬೇವಿನ ನೆರಳಿನಲ್ಲಿ ಗುಸುಗುಸು ಎದ್ದಿತು. ಕಾಶವ್ವ ಸಿಕ್ಕಿಬಿದ್ದಿದ್ದಳು, ಆ ನೀರಿನ ಮೇಲೆ ಮೊದಲು ಕಣ್ಣು ಹಾಕಿದವಳು ಅವಳೇ.

“ಅಕಿ ಬಾಗಲಕ್ಕ ನಾ ಥಳಿ ಹಾಕಬೇಕ್ಯಾ ಆಯಿ? ನನ್ನ ಸಾರ ಸಪ್ಪಗ ಅಂದಾಕಿ ಬಾಗಲಕ್ಕ?”

“ನೀರ ಬ್ಯಾಡಂದ್ರ ಬಿಡು. ಸಾಲಿನ ಕಡೀಗೆ ಬಾಳ ಮಂದಿ ಅದಾರ” ಎಂದು ಆಯಿ ತಂಬಿಗೆ ಎತ್ತಿಕೊಂಡು ಹೊರಟರು. ಪಾಳಿ ಬಂದಾಗ ಕಾಶವ್ವ ಕೆಂಪು ಕೊಡವನ್ನು ತುಂಬಿ ಬಗಲಿಗೇರಿಸಿದಳು.

ಮೊದಮೊದಲು ಅವಳು ಥಳಿ ಹಾಕುತ್ತಿದ್ದುದು ಬೀದಿನಾಯಿಗೆ ನೀರು ಎರಚಿದಂತೆ. ಪುಣ್ಯಕಾರ್ಯವನ್ನು ಅಷ್ಟು ಸಿಟ್ಟಿನಿಂದ ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಬರಬರುತ್ತ ಕೈ ತುಸು ಮೆತ್ತಗಾಯಿತು. ಒಂದು ದಿನ ನೋಡುತ್ತೇನೆ, ಬೀಗ ಹಾಕಿದ ಬಾಗಿಲ ಮುಂದೆ ರಂಗೋಲಿಯೂ ಇದೆ! ನಾನು ಹುಬ್ಬೇರಿಸಿದ್ದನ್ನು ಕಂಡು ಕಾಶವ್ವ ಗದರಿದಳು: “ಬರೇ ಥಳಿ ಹಾಕಿ ಬಿಟ್ರ ಹೆಣಾ ಎತ್ತಿದ ಮನಿ ಕಂಡಂಗ ಕಾಣ್ತೈತ್ರಿ. ಬಾಜೂಕ ನಾ ಬಾಳೇವು ಮಾಡೂದಿಲ್ಲೇನು?”

ಹೀಗಿರಲಾಗಿ ಒಂದು ಮುಂಜಾನೆ ಟ್ರ್ಯಾಕ್ಟರು ಬಂತು. ಹಿಂದೆ ಖಾಲಿ ಟ್ರೇಲರು, ಅದರಲ್ಲಿ ಸತ್ತೆಪ್ಪ, ರಾಯವ್ವ, ಹಾರೆ ಹಿಡಿದ ಇಬ್ಬರು ಆಳುಗಳು. ಬೋರಿಂಗಿನ ಕಿರ್ರ್ ತಾನಾಗಿ ನಿಂತುಹೋಯಿತು. ನಾವೆಲ್ಲ ಸುಮ್ಮನೆ ಕೂತು ನೋಡಿದೆವು. ಯಾರದೋ ಹಲ್ಲು ಕೀಳುವುದನ್ನು ನೋಡುವ ಹಾಗೆ. ರಾಯವ್ವ ಇಳಿದು, ನಮ್ಮ ಕಡೆ ನೋಡದೆ, ತನ್ನ ಮನೆಯತ್ತ ನಡೆದವಳು ಹೊಸ್ತಿಲಿನಿಂದ ಮಾರು ದೂರದಲ್ಲಿ ಗಕ್ಕನೆ ನಿಂತಳು. ಇಡೀ ಓಣಿ ಧೂಳೆದ್ದಿದ್ದ ಆ ಬರಗಾಲದಲ್ಲಿ ಅವಳ ಬಾಗಿಲ ಮುಂದಿನ ನೆಲ ಹಸಿಯಾಗಿತ್ತು. ಮೇಲೆ ರಂಗೋಲಿ. ಹಿಂದೆ ಬಂದ ಆಳು ಅದನ್ನು ತುಳಿಯದೆ ಹಾರೆ ಇಡಲಿಕ್ಕೆ ಜಾಗ ಹುಡುಕುತ್ತಿದ್ದ.

“ಯಾರ ಹಾಕ್ಯಾರ ಇದನ್ನ?”

ಕಾಶವ್ವ ದೋಣಿಯ ಬಳಿಯ ಆಡಿಗೆ ಹೇಳಿದಳು: “ಊರ ಬಿಟ್ಟ ಹೋಗಾವ್ರಿಗೆ ಯಾರ ಹಾಕಿದ್ರೇನಂತ, ಕೇಳವಾ.”

ರಾಯವ್ವ ತಿರುಗಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಕಾಶವ್ವನ ಮುಖವನ್ನೇ ನೋಡಿ ಕೇಳಿದಳು: “ನೀ ಹಾಕಿದೇನ ಬೇ?”

“ಹಾಕೇನಿ. ನಿನ್ನ ಪಾಳಿ ನೀರ ಕುಡದೇನಿ, ಹಾಕೇನಿ. ಪುಕಟ ಅಲ್ಲ.”

“ಮತ್ತ ರಂಗೋಲಿ?”

ಕಾಶವ್ವ ಮತ್ತೆ ಆಡಿನ ಕಡೆ ತಿರುಗಿ, “ಅದು ಪುಕಟ” ಅಂದಳು.

ರಾಯವ್ವ ರಂಗೋಲಿಯನ್ನು ಬಹಳ ಹೊತ್ತು ನೋಡಿದಳು. “ಸೊಟ್ಟ ಐತಿ” ಅಂದಳು.

“ನಿನ್ನ ಬಾಗಲಾನ ಸೊಟ್ಟ ಐತಿ!”

ಬೇವಿನ ಕೆಳಗಿನವರೆಲ್ಲ ಒಮ್ಮೆಲೇ ನಕ್ಕುಬಿಟ್ಟರು. ರಾಯವ್ವ ನಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬೋರಿಂಗಿನ ಕಡೆ ಬಂದಳು. ಅವಳ ಕೆಂಪು ಕೊಡ ಪಾಳಿಯಲ್ಲಿತ್ತು, ಕಾಶವ್ವನ ಕೊಡದ ಮುಂದೆ, ತನ್ನ ಜಾಗದಲ್ಲೇ. ಅವಳು ನಮ್ಮ ಜೊತೆ ನೆರಳಲ್ಲಿ ಕೂತಳು. ಪಾಳಿ ಬಂದಾಗ ತಾನೇ ಹಿಡಿಕೆ ಹೊಡೆದು ತುಂಬಿಸಿಕೊಂಡು, ಬೀಗ ತೆಗೆದು, ಒಲೆ ಹೊತ್ತಿಸಿ ಆಳುಗಳಿಗೆ ಚಹಾ ಮಾಡಿದಳು. ಸತ್ತೆಪ್ಪ ಹೊಸ್ತಿಲ ಹೊರಗೆ ನಿಂತು, “ಟ್ರ್ಯಾಕ್ಟರ್ ಮಾಲಕಗ ಏನಂತ ಹೇಳ್ಲಿ?” ಎಂದು ಗೊಣಗಿದ. ಒಳಗಿನಿಂದ ಉತ್ತರ ಬಂತು: “ಬಾಗಲಾ ಸೊಟ್ಟ ಐತಿ, ಬಿಚ್ಚಾಕ ಬರಲಿಲ್ಲ ಅಂತ ಹೇಳ್ರಿ.”

ಟ್ರೇಲರು ಒಂದು ಚೀಲ ಜೋಳ ಹೊತ್ತು ತಿರುಗಿ ಹೋಯಿತು. ರಾಯವ್ವನೂ ಅದರಲ್ಲೇ ಹೋದಳು. ಅಲ್ಲಿ ಒಪ್ಪಿಕೊಂಡ ಕೆಲಸವಿತ್ತು, ಮಕ್ಕಳ ಪರೀಕ್ಷೆಯಿತ್ತು. ರಂಗೋಲಿಯಿಂದ ಮಳೆ ಬರುವುದಿಲ್ಲ ಎಂಬಷ್ಟು ಲೋಕಜ್ಞಾನ ನನಗೂ ಉಂಟು. ಆದರೆ ಬಾಗಿಲು ಊರಲ್ಲೇ ಉಳಿಯಿತು. ನೀರಿಲ್ಲವೆಂದು ಊರು ಬಿಡುವುದು ಒಂದು, ತಾನಿಲ್ಲದ್ದು ಊರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲವೆಂದು ಊರು ಬಿಡುವುದು ಇನ್ನೊಂದು. ಮೊದಲನೆಯದಕ್ಕೆ ಮಳೆ ಬೇಕು, ಎರಡನೆಯದಕ್ಕೆ ಒಂದು ತಂಬಿಗೆ ಸಾಕು. ಪರೀಕ್ಷೆ ಮುಗಿದ ಮೇಲೆ ಅವರು ಬಂದರು. ಆ ಬೇಸಿಗೆಯಲ್ಲಿ ಪಾಳಿಯಲ್ಲಿ ಕೊಡವಿಟ್ಟ ಮನೆಗಳವರು ಬಹುತೇಕ ಬಂದರು, ಏಕೆಂದರೆ ಯಾರೋ ಒಂದು ಮಾತು ತೆಗೆದಿದ್ದರು: ಹೂಳು ತುಂಬಿ ಬಯಲಾಗಿದ್ದ ಊರ ಕೆರೆಯನ್ನು ತೋಡೋಣ ಎಂದು. ಮಾತು ತೆಗೆದವರು ತಾವೇ ಎಂದು ಇವತ್ತು ಬಹಳ ಜನ ಹೇಳಿಕೊಳ್ಳುತ್ತಾರೆ. ಒಳ್ಳೆಯ ಕೆಲಸದ ಲಕ್ಷಣವೇ ಅದು. ಹೂಳು ಚಕ್ಕಡಿಗಳಲ್ಲಿ ಹೊಲ ಸೇರಿತು, ಒಡೆದ ಒಡ್ಡಿಗೆ ಕಲ್ಲು ಬಿತ್ತು. ನಾನು ಹೊತ್ತದ್ದು ಬುಟ್ಟಿಯಷ್ಟೇ, ಅದೂ ಅರ್ಧ. ಹೊತ್ತದ್ದಕ್ಕಿಂತ ಹೇಳಿಕೊಂಡದ್ದು ಹೆಚ್ಚು.

ಮಳೆ ತನ್ನ ಹೊಸ ಚಾಳಿಯಂತೆ ತಡವಾಗಿಯೇ ಬಂತು, ಬಂದಾಗ ಒಂದೇ ಸವನೆ ಸುರಿಯಿತು. ಮೊದಲಾಗಿದ್ದರೆ ಅದು ಓಡಿ ಇಳಿದು ಧುಪದಾಳ ಸೇರುತ್ತಿತ್ತು. ಈ ಸಲ ಕೆರೆ ಅದನ್ನು ತಡೆದು ಕೂಡಿಸಿಕೊಂಡಿತು. ಚಳಿಗಾಲದ ಹೊತ್ತಿಗೆ ನಮ್ಮ ಹಿತ್ತಲ ಬಾವಿಯ ತಳದಲ್ಲಿ ಆಕಾಶ ಕಾಣಿಸಿತು. ಆಯಿ ಅರಿವೆ ತೊಳೆದ ನೀರನ್ನು ತಂದು, ಹಗ್ಗ ಕಟ್ಟಿದ ಬಟ್ಟಲಲ್ಲಿ ಇಳಿಬಿಟ್ಟು, ಬಾವಿಯಲ್ಲಿಯೇ ಬಿಟ್ಟರು. ಈ ಸಲ ನಾನು ನಗಲಿಲ್ಲ, ಹಗ್ಗ ಹಿಡಿದಿದ್ದೆ. ಕಬ್ಬಿನ ಸುಗ್ಗಿಗೆ ಹೋಗುವುದು ನಿಲ್ಲಲಿಲ್ಲ, ಯಾಕೆ ಸುಳ್ಳು ಹೇಳಲಿ? ಆದರೆ ಹೆಂಗಸರು, ಮಕ್ಕಳು ಊರಲ್ಲೇ ಉಳಿಯತೊಡಗಿದರು. ಗಂಡಸರೂ ಬೇಗ ತಿರುಗಿದರು. ಇನ್ನು ಕೆಲವರು ಮೂಡಲಗಿ ಕಡೆಗೇ ನೆಲೆ ನಿಂತರು, ಸುಖವಾಗಿದ್ದಾರೆ. ಅವರ ಕೊಡಗಳನ್ನು ಅವರೇ ಬಂದು, ಎಲ್ಲರಿಗೆ ಹೇಳಿ, ಪಾಳಿಯಿಂದ ತೆಗೆದುಕೊಂಡು ಹೋದರು.

ಮುಂದೆ ಓಣಿಗೆ ನಳ ಬಂದು ಪಾಳಿಯೇ ಇಲ್ಲವಾಯಿತು, ಆಯಿ ತೀರಿಕೊಂಡರು, ನನ್ನ ಮೊಣಕಾಲುಗಳು ಡಾಕ್ಟರರ ಸಮೀಪವೇ ಇರಬೇಕೆಂದು ಹಟ ಹಿಡಿದಾಗ ನಾವು ಗೋಕಾಕಿನ ಮಗಳ ಮನೆಗೆ ಬಂದೆವು.

ರಾಯವ್ವನನ್ನು ನಾನು ಕೊನೆಯ ಸಲ ಕಂಡದ್ದು ಅದಾಗಿ ಕೆಲವು ವರ್ಷಗಳ ಮೇಲೆ, ಯಾವುದೋ ಮದುವೆಗೆಂದು ಊರಿಗೆ ಹೋಗಿ ತಿರುಗುವ ದಿನ. ಅವಳು ಮಗನಿಗೆ ಹೆಣ್ಣು ಗೊತ್ತು ಮಾಡಿ, ಮನೆಗೆ ಇನ್ನೊಂದು ಖೋಲಿ ತೆಗೆಯುತ್ತಿದ್ದಳು. ಪಾಯ ತೋಡಿದ್ದರು. ಆ ಪಾಯದೊಳಗೆ ಕಾಶವ್ವ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದಳು. ಪಾಯ ತನ್ನ ಜಾಗದಲ್ಲಿ ಗೇಣು ಬಂದಿದೆಯೆಂದು ಅವಳ ತಕರಾರು.

“ಏಳ ಬೇ ಮ್ಯಾಲ!”

“ಏಳೂದಿಲ್ಲ. ಗೇಣ ಹಿಂದ ಸರಕೋ.”

“ಗೇಣಲ್ಲ, ಬಟ್ಟಿನಗಲಾನೂ ಸರಿಯೂದಿಲ್ಲ. ನಾ ಇಲ್ಲೇ ಇರಾಕಿ, ನನ್ನ ಸೊಸಿ ಇಲ್ಲೇ ಇರಾಕಿ. ನಿನ್ನ ಮೊಮ್ಮಕ್ಕಳೂ ಈ ಗ್ವಾಡಿ ನೋಡಕೋತ ಇರಬೇಕು, ತಿಳಕೋ! ಅಕ್ಕಾರ, ನೀವ ಹೇಳ್ರಿ ನ್ಯಾಯಾ!”

ಗೋಕಾಕದ ಬಸ್ಸು ಹಾರ್ನು ಹೊಡೆಯಿತು. ಇಷ್ಟು ಟೈಮಿಗೆ ಸರಿಯಾಗಿ ಅದು ಎಂದೂ ಬಂದಿರಲಿಲ್ಲ. ನಾನು ನ್ಯಾಯವನ್ನು ಅಲ್ಲಿಯೇ ಬಿಟ್ಟು, ಮೊಣಕಾಲುಗಳು ಒಪ್ಪಿದಷ್ಟು ವೇಗದಲ್ಲಿ ಹೋಗಿ ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಿದಾಗ ರಾಯವ್ವ ಸೀರೆ ಎತ್ತಿ ಕಟ್ಟಿ, ತಾನೂ ಪಾಯಕ್ಕೆ ಇಳಿದು, ಕಾಶವ್ವನ ಬಾಜೂಕೇ ಕೂತುಬಿಟ್ಟಿದ್ದಳು. ಇಬ್ಬರ ಮುಖಗಳೂ ಎರಡು ಕಡೆಗೆ ತಿರುಗಿದ್ದವು, ಮೊಣಕೈವರೆಗೆ ಮಣ್ಣು ಮೆತ್ತಿತ್ತು, ಇಬ್ಬರಲ್ಲಿ ಯಾರೂ ಏಳುವ ಲಕ್ಷಣವಿರಲಿಲ್ಲ.